ಸೀರೆ ಗಾರ್ಡೂ ಹಾಗಲಕಾಯಿಯೂ

ಹೋದ ವರ್ಷ ಆಯುಧಪೂಜೆಯ ಹಿಂದಿನ ದಿನ ಸಜ್ಜೆಯ ಮೇಲಿನ ಸಾಮಾನು ಇಳಿಸುತ್ತಿದ್ದೆ. ಜಿಪ್ ಕಿತ್ತ ಸೂಟ್‌ಕೇಸು, ಕಾಲು ಮುರಿದ ಮಣೆ, ಯಾವ ಡಬ್ಬಿಗೂ ಕೂರದ ಮುಚ್ಚಳಗಳು, ಇವುಗಳ ಹಿಂದಿನಿಂದ ಸ್ಟೀಲು ಕಂಬಿಗಳ ಒಂದು ಚೌಕಟ್ಟು ಜಾರಿಕೊಂಡು ಬಂದು ನನ್ನ ಹೆಗಲಿಗೆ ಬಡಿದು ಕೆಳಗೆ ಬಿತ್ತು. ಸ್ಟೂಲು ಹಿಡಿದು ನಿಂತಿದ್ದ ನಮ್ಮಕ್ಕನ ಮಗ ಪ್ರಜ್ವಲ ಅದನ್ನೆತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೇನ್ ಮಾಮ, ತಟ್ಟೆ ಸ್ಟ್ಯಾಂಡಾ?" ಎಂದ.

ಅವನ ತಪ್ಪೇನಿಲ್ಲ. ಅವನ ವಯಸ್ಸಿನವರು ಅದನ್ನು ಅದರ ಜಾಗದಲ್ಲಿ ನೋಡಿರುವುದು ಕಡಿಮೆ. ಅದು ಸೀರೆ ಗಾರ್ಡು. ಬೈಕಿನ ಹಿಂದಿನ ಚಕ್ರದ ಎಡಗಡೆಗೆ ಇರುವ ಕಂಬಿ. ಎರಡೂ ಕಾಲು ಒಂದೇ ಬದಿಗೆ ಹಾಕಿ ಕೂರುವ ಹೆಂಗಸರ ಸೆರಗು ಚಕ್ರಕ್ಕೆ ಸಿಕ್ಕಿಕೊಳ್ಳದಿರಲಿ ಎಂದು ಬೈಕು ಮಾಡುವವರೇ ಹಾಕಿ ಕಳಿಸುತ್ತಾರೆ. ಇಡೀ ಬೈಕಿನಲ್ಲಿ ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಾಮಾನೆಂದರೆ ಮುಖ್ಯವಾಗಿ ಅದೇ. ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬೈಕು ಕೊಳ್ಳುವ ಹುಡುಗರು ಮೊದಲು ಬಿಚ್ಚಿಸುವುದೂ ಅದನ್ನೇ.

ಪ್ರಜ್ವಲ ಅವತ್ತು ಬಂದದ್ದು ಸ್ಟೂಲು ಹಿಡಿಯುವುದಕ್ಕಲ್ಲ. ಅವನಿಗೆ ಆಗಷ್ಟೇ ಜಯನಗರದಲ್ಲಿ ಕೆಲಸ ಸಿಕ್ಕಿತ್ತು. ಕೋಣನಕುಂಟೆಯಿಂದ ಮೆಟ್ರೋದಲ್ಲಿ ಹೋಗಿಬರುತ್ತಿದ್ದ. ಅವನಿಗೆ ಬೈಕು ಬೇಕು, ಅವನ ತಾಯಿಗೆ ಬೇಡ. ಅಕ್ಕ ನನಗೆ ಫೋನು ಮಾಡಿ, ನೀನು ಬೈಕಿಟ್ಟು ನೋಡಿದವನು, ನೀನೇ ಬುದ್ಧಿ ಹೇಳು ಎಂದು ಅವನನ್ನು ನಮ್ಮ ಮನೆಗೆ ಅಟ್ಟಿದ್ದಳು. ಕಾರಣ ಏನೆಂದು ಕೇಳಿದರೆ ಹುಡುಗ ಮುಚ್ಚುಮರೆ ಮಾಡಲಿಲ್ಲ.

"ಓಪನ್ನಾಗೇ ಹೇಳ್ತೀನಿ ಮಾಮ. ಗಾಡಿ ಇಲ್ದೋನ್ನ ಹುಡುಗೀರು ತಿರುಗಿ ಕೂಡ ನೋಡಲ್ಲ."

ನಾನು ನನಗೆ ತೋಚಿದ ಮಟ್ಟಿಗೆ ತರ್ಕ ಮುಂದಿಟ್ಟೆ. ಬೆಳಗಿನ ಮೆಟ್ರೋದಲ್ಲಿ ನಿನ್ನ ಅಕ್ಕಪಕ್ಕ ಎಷ್ಟು ಜನ ಹುಡುಗಿಯರು ನಿಂತಿರುತ್ತಾರೆ, ನಿನ್ನ ಮುಖವನ್ನು ಎದುರೆದುರೇ ನೋಡಬಹುದು. ಬೈಕು ಹತ್ತಿದೆಯೋ, ಹೆಲ್ಮೆಟ್ಟು ಹಾಕಬೇಕು. ಹಾಕಿದ ಮೇಲೆ ನೀನು ಯಾರು, ನಿಮ್ಮಪ್ಪ ಯಾರು ಎಂದು ಗುರುತು ಹಿಡಿಯುವುದೂ ಕಷ್ಟ ಎಂದೆ. ಅವನು, "ಮೆಟ್ರೋದಲ್ಲಿ ಎಲ್ರೂ ಫೋನ್ ನೋಡ್ತಿರ್ತಾರೆ ಮಾಮ" ಎಂದ. ನನ್ನ ಕತೆಯನ್ನೇ ಹೇಳೋಣವೆಂದು ಆ ಕಂಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆಯೇ ಕೂತೆ. ಸಾಮಾನು ಇಳಿಸುವ ಕೆಲಸ ಅಲ್ಲಿಗೆ ನಿಂತಿತು.

ನಮ್ಮ ಮನೆಯಲ್ಲಿ ಗಾಡಿಗೂ ಹೆಂಗಸರಿಗೂ ಇದ್ದ ಸಂಬಂಧ ನನಗೆ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ಅಪ್ಪನ ಬಳಿ ಹಳೆಯ ಸ್ಕೂಟರಿತ್ತು. ನಾನು ಮುಂದೆ ಹ್ಯಾಂಡಲ್ಲು ಹಿಡಿದು ನಿಲ್ಲುತ್ತಿದ್ದೆ. ಸ್ಕೂಟರು ಓಡಿಸುತ್ತಿರುವುದು ನಾನೇ, ಅಪ್ಪ ಸುಮ್ಮನೆ ಹಿಂದೆ ಕೂತಿದ್ದಾರೆ ಎಂದು ಬಹಳ ದಿನ ನಂಬಿದ್ದೆ. ಅಮ್ಮ ಅಕ್ಕನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಿಂದೆ ಕೂರುತ್ತಿದ್ದಳು. ಸ್ಕೂಟರು ಸ್ಟಾರ್ಟಾಗದಿದ್ದರೆ, ಅದು ಆಗುತ್ತಿದ್ದದ್ದೇ ಅಪರೂಪ, ಅಮ್ಮ ಇಳಿಯಬೇಕು, ಅಪ್ಪ ಗಾಡಿಯನ್ನು ಒಂದು ಬದಿಗೆ ಮಲಗಿಸಿ ಎಬ್ಬಿಸಬೇಕು, ಅಮ್ಮ ಮತ್ತೆ ಹತ್ತಬೇಕು. ಅಮ್ಮ ಆ ಸ್ಕೂಟರಿಗೆ ಮರುಳಾಗಿ ಅಪ್ಪನನ್ನು ಮದುವೆಯಾದಳೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಆದರೂ ನನ್ನ ಸರದಿ ಬಂದಾಗ ಈ ಅನುಭವವೆಲ್ಲ ಎಲ್ಲಿಗೆ ಹೋಗಿತ್ತೋ ಕಾಣೆ.

ನನ್ನ ಸರದಿಯಲ್ಲಿ ಸಲಹೆಗಾರನಾಗಿದ್ದವನು ಮಂಜ. ನನ್ನ ಶಾಲೆಯ ಗೆಳೆಯ. ಅವನಿಗೆ ಸ್ವಂತ ಬೈಕಿರಲಿಲ್ಲ, ಹುಡುಗಿಯರ ಪರಿಚಯವೂ ಇರಲಿಲ್ಲ. ಎರಡೂ ವಿಷಯದಲ್ಲಿ ಅವನ ಜ್ಞಾನ ಕೈ ಕೆಸರಾಗದೆ ಸಂಪಾದಿಸಿದ್ದು. ಶೋರೂಮಿನಿಂದ ಹೊಸ ಬೈಕು ತರುವ ದಾರಿಯಲ್ಲೇ ಅವನು ಕತ್ರಿಗುಪ್ಪೆಯ ಗ್ಯಾರೇಜೊಂದರ ಮುಂದೆ ಗಾಡಿ ನಿಲ್ಲಿಸಲು ಹೇಳಿದ. "ಗಾರ್ಡ್ ತೆಗೆಸು ಮಗಾ. ಅದಿದ್ರೆ ಹಿಂದ್ಗಡೆ ಅಮ್ಮನ್ನ ಕೂರಿಸ್ಕೊಂಡು ಓಡಾಡೋ ಗಾಡಿ ಅಂತ ದೂರದಿಂದ್ಲೇ ಗೊತ್ತಾಗತ್ತೆ" ಎಂದ. ಮಾತು ಸರಿಯೆನ್ನಿಸಿತು. ಗಾರ್ಡು ಬಿಚ್ಚಿದ ಮೇಲೆ ನಾವಿಬ್ಬರೂ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆವು. ಚಕ್ರ ಪೂರ್ತಿ ಕಾಣುತ್ತಿತ್ತು. ಸಖತ್ ಎಂದ ಮಂಜ.

ಮನೆಯಲ್ಲಿ ಅಜ್ಜಿ ಕಾಯುತ್ತಿದ್ದರು. ನನಗೆ ಮಾತು ಕಲಿಸಿದ್ದು ಅವರೇ, ಆದ್ದರಿಂದ ಅವರ ಮುಂದೆ ನನ್ನ ಮಾತು ನಡೆಯುತ್ತಿರಲಿಲ್ಲ. ನಮ್ಮ ಮನೆಗೆ ಯಾವ ಗಾಡಿ ಬಂದರೂ ಅದರ ಮೊದಲ ಸವಾರಿ ಅಜ್ಜಿಯದು. ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿ ಬರುವವರೆಗೆ ಇನ್ನೊಬ್ಬರು ಹಿಂದೆ ಕೂರುವಂತಿಲ್ಲ. ಟ್ಯಾಂಕಿಗೆ ವಿಭೂತಿಯ ಮೂರು ಬೆರಳು ಎಳೆದದ್ದಾಯಿತು, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ, ಚಕ್ರಗಳ ಕೆಳಗೆ ನಿಂಬೆಹಣ್ಣು. ಅಜ್ಜಿ ರೇಷ್ಮೆ ಸೀರೆಯುಟ್ಟು, ಕೈಯಲ್ಲಿ ಹಣ್ಣುಕಾಯಿಯ ಬುಟ್ಟಿ ಹಿಡಿದು ಎಡಗಡೆಗೆ ಬಂದರು. ಸೊಂಟಕ್ಕೆ ಕೈಕೊಟ್ಟು ಬಗ್ಗಿದರು. ಚಕ್ರವನ್ನು ನೋಡಿದರು.

"ಸೆರಗು ಎಲ್ಲಿಡ್ಲೋ?"

ಕೈಯಲ್ಲಿ ಹಿಡ್ಕೋ ಅಜ್ಜಿ ಎಂದೆ.

"ಒಂದು ಕೈಲಿ ನಿನ್ನ ಹಿಡ್ಕೋಬೇಕು, ಒಂದು ಕೈಲಿ ಬುಟ್ಟಿ. ಸೆರಗು ಹಿಡ್ಕೊಳಕ್ಕೆ ನಿಮ್ಮ ತಾತ ಎದ್ದು ಬರ್ತಾರಾ?"

ತಾತ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅಜ್ಜಿ ಆಟೋದಲ್ಲಿ ದೇವಸ್ಥಾನಕ್ಕೆ ಹೋದರು. ಹೊಸ ಬೈಕಿನಲ್ಲಿ ನಾನು ಆಟೋದ ಹಿಂದೆ ಹೋದೆ. ವಾಪಸು ಬಂದ ಮೇಲೆ, ಬಿಚ್ಚಿದ್ದನ್ನಾದರೂ ಬಿಸಾಕಬೇಡ ಎಂದು ಗಾರ್ಡನ್ನು ಇಸಿದುಕೊಂಡು ಮಹಡಿಗೆ ಒಯ್ದರು.

ಬೈಕು ಜನರನ್ನು ಸೆಳೆಯುವುದಿಲ್ಲ ಎಂದು ನಾನು ಹೇಳಲಾರೆ. ಸೆಳೆಯುತ್ತದೆ. ಬನಶಂಕರಿಯಿಂದ ಜೆಪಿ ನಗರದ ಆಫೀಸಿಗೆ ಹೋಗುವಷ್ಟರಲ್ಲಿ ಸಿಗ್ನಲ್ಲಿಗೊಬ್ಬರಾದರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಎಲ್ಲರೂ ಐವತ್ತು ದಾಟಿದ ಗಂಡಸರು. ಎಲ್ಲರ ಪ್ರಶ್ನೆಯೂ ಒಂದೇ: ಮೈಲೇಜ್ ಎಷ್ಟು ಕೊಡತ್ತೆ? ನಾನು ಹೇಳುತ್ತಿದ್ದೆ. ಅವರು ತಮ್ಮ ಗಾಡಿಯ ಮೈಲೇಜು ಹೇಳುತ್ತಿದ್ದರು. ಹಸಿರು ದೀಪ ಬೀಳುತ್ತಿತ್ತು. ಇವರನ್ನು ಬಿಟ್ಟರೆ ನನ್ನ ಬೈಕಿನಲ್ಲಿ ನಿಜವಾದ ಆಸಕ್ತಿ ತೋರಿಸಿದ್ದು ಹೊಸಕೆರೆಹಳ್ಳಿಯ ನಾಯಿಗಳು.

ನನಗೆ ಬೇಕಾಗಿದ್ದದ್ದು ಒಬ್ಬಳೇ ಒಬ್ಬಳು ಹಿಂದೆ ಕೂರುವುದು. ಅವಳು ಶೈಲಜಾ. ನಮ್ಮದು ಕನ್ನಡಕದ ಅಂಗಡಿಗಳಿಗೆ ಲೆನ್ಸ್ ಕಳಿಸುವ ಆಫೀಸು, ಅವಳು ಆರ್ಡರ್ ನೋಡಿಕೊಳ್ಳುತ್ತಿದ್ದಳು. ಅವಳ ಬಳಿ ಸ್ವಂತ ಸ್ಕೂಟರಿತ್ತು, ದಿನವೂ ನನಗಿಂತ ಮೊದಲೇ ಬಂದಿರುತ್ತಿದ್ದಳು. ಹೊಸ ಬೈಕು ತಂದ ವಾರದಲ್ಲೇ ಒಂದು ಸಂಜೆ ಅವಳು ನನ್ನ ಮೇಜಿನ ಬಳಿ ಬಂದು, ನನ್ನ ಸ್ಕೂಟರಿಗೆ ನಿಮ್ಮ ಗಾಡಿ ಅಡ್ಡ ಇದೆ, ತೆಗೀತೀರಾ ಎಂದಳು. ಅದೇ ನಮ್ಮ ಮೊದಲ ಮಾತು. ಇದು ಶುಭಸೂಚನೆಯೆಂದು ಮಂಜ ಹೇಳಿದ್ದರಿಂದ ಆಮೇಲೆ ದಿನವೂ ಅಡ್ಡವಾಗಿಯೇ ನಿಲ್ಲಿಸತೊಡಗಿದೆ. ಮೂರನೆಯ ದಿನದಿಂದ ಅವಳು ಸ್ಕೂಟರನ್ನು ಕಟ್ಟಡದ ಇನ್ನೊಂದು ಬದಿಗೆ ನಿಲ್ಲಿಸತೊಡಗಿದಳು.

ಹೀಗೆ ತಿಂಗಳುಗಳು ಕಳೆದು ರಾಜ್ಯೋತ್ಸವ ಬಂತು. ಆಫೀಸಿನಲ್ಲಿ ಹೆಂಗಸರೆಲ್ಲ ಸೀರೆ, ನಾವು ಪಂಚೆ. ಶೈಲಜಾ ಹಳದಿ ಸೀರೆ, ಕೆಂಪು ರವಿಕೆ. ಅವತ್ತೇ ಅವಳ ಸ್ಕೂಟರು ಸರ್ವೀಸಿಗೆ ಹೋಗಿತ್ತು. ಸಂಜೆ ಆಟೋ ಸಿಗಲಿಲ್ಲ. ನಾನು ಪಂಚೆ ಎತ್ತಿ ಕಟ್ಟಿ ಬೈಕು ಹೊರಗೆ ತೆಗೆಯುತ್ತಿದ್ದಾಗ ಅವಳೇ ಬಂದು, ನೀವು ಹೊಸಕೆರೆಹಳ್ಳಿ ಕಡೆ ಹೋಗೋದಲ್ವಾ, ನನ್ನ ಬಿಡ್ತೀರಾ ಎಂದಳು. ನಾನು ಕರ್ಚೀಫು ತೆಗೆದು ಸೀಟು ಒರೆಸಿದೆ. ಅದೇ ಕರ್ಚೀಫಿನಲ್ಲಿ ಮುಖವನ್ನೂ ಒರೆಸಿಕೊಂಡೆ. ಅವಳು ಎಡಗಡೆಗೆ ಬಂದಳು. ಸೊಂಟಕ್ಕೆ ಕೈಕೊಟ್ಟು ಬಗ್ಗಿದಳು. ಚಕ್ರವನ್ನು ನೋಡಿದಳು. ಮುಂದಿನ ಮಾತು ಏನೆಂದು ನನಗೆ ಆಗಲೇ ಗೊತ್ತಾಗಿತ್ತು.

"ಸೆರಗು ಎಲ್ಲಿಡ್ಲಿ?"

ತಾತನ ವಿಷಯ ಇವಳಿಗೆ ಹೇಳುವಂತಿರಲಿಲ್ಲ.

"ಗಾಡಿ ಜೊತೆ ಗಾರ್ಡ್ ಬಂದಿರತ್ತಲ್ಲ. ಏನ್ಮಾಡಿದ್ರಿ?"

"ತೆಗೆಸಿದೆ. ನೋಡಕ್ಕೆ ಚೆನ್ನಾಗಿರಲ್ಲ ಅಂತ."

"ಯಾರಿಗೆ?"

ಇಷ್ಟು ಕೇಳಿ ಅವಳು ರಸ್ತೆ ದಾಟಿ ಬಸ್ ಸ್ಟಾಪಿಗೆ ಹೋದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. ನಾನು ಮನೆಯವರೆಗೂ ಯೋಚಿಸಿದೆ. ನನ್ನ ಚಕ್ರ ಪೂರ್ತಿ ಕಂಡದ್ದರಿಂದ ಸಂತೋಷಪಟ್ಟವನು ಮಂಜನೊಬ್ಬನೇ.

ಮನೆಗೆ ಬಂದವನೇ ಗಾರ್ಡು ಹುಡುಕಿಕೊಂಡು ಮಹಡಿಗೆ ಓಡಿದೆ. ಸಿಕ್ಕಿತು. ಅಜ್ಜಿ ಅದನ್ನು ಹಳೆಯ ಪೇಂಟು ಡಬ್ಬಿಯೊಂದರಲ್ಲಿ ನಿಲ್ಲಿಸಿ ಹಾಗಲ ಬಳ್ಳಿ ಹಬ್ಬಿಸಿದ್ದರು. ಕಂಬಿ ಕಂಬಿಗೂ ಬಳ್ಳಿ ಸುರುಳಿ ಸುತ್ತಿತ್ತು, ಹೂ ಬಿಟ್ಟಿತ್ತು, ಬೆರಳುದ್ದದ ಕಾಯಿಗಳೂ ಇದ್ದವು. ನಾನು ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ ಬಂತು. ಕಾಯಿ ಬಿಟ್ಟ ಬಳ್ಳಿ ಕೀಳಬಾರದು, ಫಸಲು ಮುಗಿಯಲಿ, ಆಮೇಲೆ ತಗೋ ಎಂದರು. ಬೇರೆಯದು ಕೊಳ್ಳುತ್ತೇನೆಂದರೆ, ಇರೋದನ್ನ ಇಟ್ಕೊಂಡು ಇನ್ನೊಂದು ಯಾಕೆ ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಇಲ್ಲ.

ಫಸಲು ಬೇಗ ಮುಗಿಯಲು ಒಂದೇ ದಾರಿಯಿತ್ತು. ನಾನು ತಿನ್ನತೊಡಗಿದೆ. ಅದುವರೆಗೆ ಹಾಗಲಕಾಯಿ ಮಾಡಿದ ದಿನ ನಾನು ಮೊಸರನ್ನಕ್ಕೇ ಶರಣಾಗುತ್ತಿದ್ದವನು. ಈಗ ಗೊಜ್ಜು ತಿಂದೆ, ಪಲ್ಯ ತಿಂದೆ, ಬಿಲ್ಲೆ ಮಾಡಿ ಹುರಿದದ್ದು ತಿಂದೆ. ಮಹಡಿಗೆ ಹೋಗಿ ಎಷ್ಟು ಉಳಿದಿದೆ ನೋಡಿ ಬಂದು ಎರಡನೆಯ ಸಲ ಬಡಿಸಿಕೊಂಡೆ. ಅಜ್ಜಿಗೆ ಹಿಗ್ಗೋ ಹಿಗ್ಗು. ಹುಡುಗನಿಗೆ ಈಗ ನಾಲಿಗೆ ಬಂತು ಎಂದು ಬಂದವರಿಗೆಲ್ಲ ಹೇಳಿದರು. ಅದನ್ನು ಕೇಳಿ ಎದುರುಮನೆಯವರೂ ತಮ್ಮ ಗಿಡದ ಕಾಯಿ ಕಳಿಸಿಕೊಟ್ಟರು. ಒಂದು ದಿನ ಬೆಳಿಗ್ಗೆ ಮಹಡಿಗೆ ಹೋಗಿ ನೋಡುತ್ತೇನೆ, ಡಬ್ಬಿಯಲ್ಲಿ ಹಳೆಯ ಬಳ್ಳಿಯ ಪಕ್ಕ ಎರಡು ಹೊಸ ಮೊಳಕೆ. ನನಗೆ ಇಷ್ಟವೆಂದು ಅಜ್ಜಿ ಮತ್ತೆ ಬೀಜ ಹಾಕಿದ್ದರು.

ಅಲ್ಲಿಗೆ ನನ್ನ ಶಕ್ತಿ ಮುಗಿಯಿತು. ಡಬ್ಬಿಯ ಪಕ್ಕದಲ್ಲೇ ಕೂತು ಅಜ್ಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿದರು.

"ಗಾರ್ಡ್ ಎಲ್ಲಿ ಅಂತ ಅವ್ಳೇ ಕೇಳಿದ್ಲಾ?"

"ಹೂಂ."

"ಬಗ್ಗಿ ನೋಡಿದ್ಲಾ?"

"ಹೂಂ ಅಜ್ಜಿ. ನಿನ್ನ ಥರಾನೇ."

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕೂತು ಸುರುಳಿಗಳನ್ನು ಒಂದೊಂದಾಗಿ ಬಿಡಿಸತೊಡಗಿದರು. ಒಂದೂ ತುಂಡಾಗದ ಹಾಗೆ, ಮಗುವಿನ ಮುಷ್ಟಿ ಬಿಡಿಸುವ ಹಾಗೆ. ಬಿಡಿಸಿದ್ದನ್ನು ಬಟ್ಟೆ ಒಣಹಾಕುವ ತಂತಿಗೆ ಹಬ್ಬಿಸಿದರು. ಮಧ್ಯಾಹ್ನದವರೆಗೂ ಹಿಡಿಯಿತು. ಗಾರ್ಡನ್ನು ಒರೆಸಿ ನನ್ನ ಕೈಗಿಟ್ಟು, "ಮೊದ್ಲೇ ಹೇಳಕ್ಕೇನಾಗಿತ್ತೋ ನಿಂಗೆ? ಸುಮ್ನೆ ಅಷ್ಟು ಕಹಿ ತಿಂದ್ಯಲ್ಲ" ಎಂದರು.

ಕತ್ರಿಗುಪ್ಪೆಯ ಗ್ಯಾರೇಜಿನವನು ಗಾರ್ಡು ವಾಪಸು ಹಾಕುತ್ತಾ, ಮದುವೆ ಆಯ್ತಾ ಸಾರ್ ಎಂದು ವಿಚಾರಿಸಿದ. ಇನ್ನೂ ಇಲ್ಲ ಎಂದೆ. ಆಶ್ಚರ್ಯದಿಂದ ನೋಡಿದ. ಗಾರ್ಡು ಬಂದ ಮೇಲೆ ನನ್ನ ಬೈಕು ಹೆಂಗಸರನ್ನು ಸೆಳೆಯತೊಡಗಿತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಮಂಗಳವಾರ ಅಜ್ಜಿಯನ್ನು ಬನಶಂಕರಿ ದೇವಸ್ಥಾನಕ್ಕೆ, ಶನಿವಾರ ಅಮ್ಮನನ್ನು ಜಯನಗರ ನಾಲ್ಕನೇ ಬ್ಲಾಕಿಗೆ, ನಡುವೆ ಎದುರುಮನೆಯವರನ್ನು ಕಣ್ಣಿನ ಡಾಕ್ಟರ ಬಳಿಗೆ. ನನ್ನ ಹಿಂದಿನ ಸೀಟು ಖಾಲಿಯಿದ್ದ ದಿನವೇ ಇಲ್ಲ. ಮಂಜ ಇದನ್ನು ಕಂಡು ನನ್ನ ವಿಷಯದಲ್ಲಿ ಆಸೆ ಬಿಟ್ಟ. ಶೈಲಜಾ ಒಂದು ಸಂಜೆ ಪಾರ್ಕಿಂಗಿನಲ್ಲಿ ಬಗ್ಗಿ ಚಕ್ರ ನೋಡಿದಳು. ಮಾರನೆಯ ದಿನ ಅವಳ ಸ್ಕೂಟರು ಹಳೆಯ ಜಾಗಕ್ಕೆ, ನನ್ನ ಬೈಕಿನ ಪಕ್ಕಕ್ಕೆ ಬಂದಿತ್ತು.

ಆಮೇಲೆ ನಮ್ಮ ಆಫೀಸಿನವರೊಬ್ಬರ ಮಗಳ ಮದುವೆ, ಕೋಣನಕುಂಟೆಯ ಛತ್ರದಲ್ಲಿ. ಶೈಲಜಾ ರೇಷ್ಮೆ ಸೀರೆಯುಟ್ಟು ತಾಯಿಯ ಜೊತೆ ಆಟೋದಲ್ಲಿ ಬಂದಿದ್ದಳು. ಊಟ ಮುಗಿಸಿ ಹೊರಗೆ ಬಂದರೆ ಆಟೋ ಇಲ್ಲ. ಅವಳ ತಾಯಿಗೆ ಮಂಡಿನೋವು, ಆಗ ಆ ಕಡೆ ಮೆಟ್ರೋ ಬಂದಿರಲಿಲ್ಲ. ಛತ್ರದ ಮುಂದೆ ಹುಡುಗರ ಬೈಕುಗಳು ಸಾಲಾಗಿ ನಿಂತಿದ್ದವು. ಆಕೆ ಆ ಸಾಲನ್ನು ಒಂದು ಕಡೆಯಿಂದ ನೋಡಿಕೊಂಡು ಬಂದು ನನ್ನದರ ಮುಂದೆ ನಿಂತರು.

"ಮನುಷ್ರು ಕೂರೋ ಹಂಗಿರೋದು ಇದೊಂದೇ ನೋಡು. ಯಾರ್ದಿದು?"

ನಾನು ಪಕ್ಕದಲ್ಲೇ ಇದ್ದೆ. ಶೈಲಜಾ ನನ್ನನ್ನು ನೋಡಿದಳು. ನಾನು ಕರ್ಚೀಫು ತೆಗೆದೆ. ಅವಳು, "ಅಮ್ಮ, ನೀನು ಇವ್ರ ಜೊತೆ ಹೋಗು. ನಾನು ಬಸ್ಸಲ್ಲಿ ಬರ್ತೀನಿ" ಎಂದಳು.

ಹೀಗೆ ಆ ಮನೆಯವರಲ್ಲಿ ನನ್ನ ಬೈಕಿನಲ್ಲಿ ಮೊದಲು ಕೂತದ್ದು ಅವಳಲ್ಲ, ಅವಳ ತಾಯಿ. ಕನಕಪುರ ರಸ್ತೆಯಲ್ಲಿ ಸಿಗ್ನಲ್ಲುಗಳು ಜಾಸ್ತಿ. ಗಾಡಿ ಓಡುವಾಗ ನನ್ನ ಭುಜ ಹಿಡಿದು ಸುಮ್ಮನಿರುತ್ತಿದ್ದರು, ನಿಂತ ಕೂಡಲೇ ಒಂದು ಪ್ರಶ್ನೆ. ಯಲಚೇನಹಳ್ಳಿಯಲ್ಲಿ ಊರು ಯಾವುದೆಂದು, ಸಾರಕ್ಕಿಯಲ್ಲಿ ತಂದೆ ಏನು ಮಾಡುತ್ತಾರೆಂದು. ಬನಶಂಕರಿಯ ಹತ್ತಿರ, ಈ ಗಾರ್ಡ್ ಯಾರು ಹಾಕಿಸಿದ್ದು ಎಂದು ಕೇಳಿದರು. ಅಜ್ಜಿ ಎಂದೆ. ಆಕೆ ಮುಂದಿನ ಸಿಗ್ನಲ್ಲಿನಲ್ಲಿ ಏನನ್ನೂ ಕೇಳಲಿಲ್ಲ. ಶೈಲಜಾ ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ನಾನು ಅವರ ಮನೆಯ ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದೆ.

ಆಮೇಲಿನದನ್ನು ಹಿರಿಯರು ನೋಡಿಕೊಂಡರು. ಎರಡೂ ಮನೆಯ ವಿಭೂತಿ ಗಟ್ಟಿ ಒಂದೇ ಮಠದಿಂದ ಬರುತ್ತಿದ್ದುದು ಗೊತ್ತಾದ ಮೇಲೆ ಅವರಿಗೆ ಮಾತಾಡಲು ಬೇಕಾದಷ್ಟು ವಿಷಯ ಸಿಕ್ಕಿತು. ಶೈಲಜಾ ಮಾತ್ರ, ಯೋಚಿಸಿ ಹೇಳ್ತೀನಿ ಎಂದಳು. ಒಂದು ಭಾನುವಾರ ಅವಳೇ ನಮ್ಮ ಮನೆಗೆ ಬಂದು ಅಜ್ಜಿಯ ಜೊತೆ ಮಹಡಿ ಹತ್ತಿದಳು. ನಾನು ಕೆಳಗೆ ಬೈಕು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ. ಬಹಳ ಹೊತ್ತಿನ ಮೇಲೆ ಅವಳು ಕೈಯಲ್ಲಿ ಒಂದು ಚೀಲ ಹಾಗಲಕಾಯಿ ಹಿಡಿದು ಇಳಿದು ಬಂದು, ಸರಿ ಎಂದಳು. ಗಾರ್ಡು ನೋಡಿ ಒಪ್ಪಿದಳೆಂದು ನಾನು ತಿಳಿದುಕೊಂಡೆ.

ಮಗಳು ಹುಟ್ಟಿದ ಮೇಲೆ ಬೈಕು ಮಾರಿದೆವು. ಕೊಳ್ಳಲು ಬಂದ ಹುಡುಗ ನಮ್ಮ ಗೇಟಿನ ಮುಂದೆಯೇ ಸ್ಪ್ಯಾನರು ತೆಗೆದು ಗಾರ್ಡು ಬಿಚ್ಚಿ, "ಇದು ಬೇಡ ಅಂಕಲ್" ಎಂದು ನನ್ನ ಕೈಗೆ ಕೊಟ್ಟ. ನನ್ನನ್ನು ಅಂಕಲ್ ಎಂದ ಮೊದಲಿಗ ಅವನು. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಬಿಸಾಕಬೇಡ ಎನ್ನುವವರಿಲ್ಲದಿದ್ದರೂ ಬಿಸಾಕದೆ ಸಜ್ಜೆಯ ಮೇಲಿಟ್ಟೆ.

ನನ್ನ ಕತೆ ಮುಗಿದಾಗ ಪ್ರಜ್ವಲ ಅಡುಗೆಮನೆಯ ಕಡೆ ತಿರುಗಿ, "ಅತ್ತೆ, ನಿಜ ಹೇಳಿ. ಮಾಮನ್ನ ಬೈಕ್ ನೋಡಿ ಒಪ್ಪಿದ್ರಾ?" ಎಂದ.

"ಬೈಕ್ ನೋಡಿ ಬಸ್ ಹತ್ತಿದ್ದೆ" ಎಂದಳು ಶೈಲಜಾ. "ಹಾಗಲಕಾಯಿ ತಿಂದಿದ್ದು ಅಜ್ಜಿ ಹೇಳಿದ್ರು. ಆಮೇಲೆ ಒಪ್ಪಿದೆ."

ನಾನು ಸ್ಟೂಲಿನಿಂದ ಎದ್ದೆ. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹಾಗಲಕಾಯಿ ತಪ್ಪಿಲ್ಲ. ಅವಳು ಇಷ್ಟಪಟ್ಟು ಮಾಡುತ್ತಾಳೆಂದು ನಾನು ಇಷ್ಟಪಟ್ಟವನ ಹಾಗೆ ತಿನ್ನುತ್ತಾ ಬಂದಿದ್ದೆ.

"ನಂಗೆ ಇಷ್ಟ ಇಲ್ಲ ಅಂತ ಗೊತ್ತಿತ್ತಾ? ಮತ್ತೆ ವಾರ ವಾರ ಯಾಕೆ ಮಾಡ್ತೀಯ?"

"ಯಾವತ್ತಾದ್ರೂ ಹೇಳ್ತೀರೇನೋ ಅಂತ ನೋಡ್ತಿದೀನಿ" ಎಂದಳು. ಕಂಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಹಡಿಗೆ ಹೋದಳು.

ಪ್ರಜ್ವಲ ಮುಂದಿನ ತಿಂಗಳೇ ಬೈಕು ಕೊಂಡ. ಹಿಂದಿನ ಸೀಟು ಮುಂದಿನದಕ್ಕಿಂತ ಒಂದು ಗೇಣು ಮೇಲಿತ್ತು, ಕಾಗೆ ಕೂರುವಷ್ಟು ಜಾಗ. ಗಾರ್ಡನ್ನು ಶೋರೂಮಿನಲ್ಲೇ ಬಿಟ್ಟು ಬಂದಿದ್ದ. ನಾನು ಹೇಳುವುದನ್ನೆಲ್ಲ ಆಗಲೇ ಹೇಳಿಯಾಗಿತ್ತು.

ಹೋದ ಭಾನುವಾರ ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಬಂದು ಬಾಗಿಲಲ್ಲಿ ನಿಂತ. ಕುಶಲ ವಿಚಾರಿಸಿದ. ಆಮೇಲೆ ಕಾಲುಚೀಲ ಸರಿಮಾಡಿಕೊಳ್ಳುತ್ತಾ, ಮಾಮ, ಆ ಗಾರ್ಡ್ ಸ್ವಲ್ಪ ಬಗ್ಗಿಸಿದರೆ ನನ್ನ ಗಾಡಿಗೆ ಆಗುತ್ತಾ ಎಂದು ಕೇಳಿದ. ಯಾರಿಗೆ ಎಂದೆ. ಅಮ್ಮನಿಗೆ ಎಂದ.

ಅವನನ್ನು ಮಹಡಿಗೆ ಕರೆದುಕೊಂಡು ಹೋದೆ. ಗಾರ್ಡು ಪೇಂಟು ಡಬ್ಬಿಯಲ್ಲಿ ನಿಂತಿತ್ತು. ಕಂಬಿ ಎಲ್ಲಿದೆಯೆಂದು ಹುಡುಕಬೇಕು, ಅಷ್ಟು ದಟ್ಟವಾಗಿ ಬಳ್ಳಿ ಹಬ್ಬಿ ಕಾಯಿ ಜೋತಾಡುತ್ತಿದ್ದವು. ಕಾಯಿ ಬಿಟ್ಟ ಬಳ್ಳಿ ಕೀಳಬಾರದು, ಫಸಲು ಮುಗಿಯಲಿ ಎಂದೆ. ಎಷ್ಟು ದಿನ ಆಗತ್ತೆ ಮಾಮ ಎಂದ. ಅದು ತಿನ್ನುವವರ ಮೇಲೆ ಹೋಗುತ್ತೆ ಎಂದೆ.

ಕೆಳಗೆ ಬಂದು ಊಟಕ್ಕೆ ಕೂತೆವು. ಅವತ್ತು ಗೊಜ್ಜು. ಚಿಕ್ಕಂದಿನಲ್ಲಿ ಹಾಗಲಕಾಯಿಯ ವಾಸನೆಗೇ ಎದ್ದು ಓಡುತ್ತಿದ್ದ ಹುಡುಗ ತಲೆ ಬಗ್ಗಿಸಿ ತಟ್ಟೆ ಖಾಲಿ ಮಾಡಿದ. ನೀರು ಕುಡಿದ. ಆಮೇಲೆ ಶೈಲಜಾಳ ಕಡೆ ತಟ್ಟೆ ಸರಿಸಿ, "ಇನ್ನೊಂಚೂರು ಹಾಕಿ ಅತ್ತೆ" ಎಂದ.

ಶೈಲಜಾ ನನ್ನ ಮುಖ ನೋಡಿದಳು. ಗಾರ್ಡು ಕೇಳಿದ್ದು ಅವನ ತಾಯಿಯಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಅವಳು ಬಡಿಸಿ, ಸೆರಗು ಸಿಕ್ಕಿಸಿಕೊಂಡು ಬಳ್ಳಿ ಬಿಡಿಸಲು ಮಹಡಿಯ ಕಡೆ ಹೊರಟಳು.